ಮೇಜಿನ ಮೇಲಿನ ಶ್ರೀರಂಗಪಟ್ಟಣ

ದಂಡು ಪ್ರದೇಶದ ಹಳೆಯ ರಸ್ತೆಗಳ ಹೆಸರುಗಳನ್ನು ಒಂದೆಡೆ ಜೋಡಿಸಿದರೆ ಒಂದು ಸೈನ್ಯವೇ ಎದ್ದುನಿಲ್ಲುತ್ತದೆ. ಇನ್‌ಫೆಂಟ್ರಿ ರಸ್ತೆ ಕಾಲಾಳುಗಳದ್ದು. ಇಂದಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆಯಾಗಿತ್ತು. ಅದು ಕುದುರೆ ಸವಾರರದ್ದು. ಬ್ರಿಗೇಡ್ ರಸ್ತೆಗೆ ಆ ಹೆಸರೇ ಉಳಿದಿದೆ. ಮಹಾತ್ಮ ಗಾಂಧಿ ರಸ್ತೆ ಒಂದು ಕಾಲಕ್ಕೆ ಸೌತ್ ಪರೇಡ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಪಡೆಯನ್ನು ಮಲೇರಿಯ ಹಣ್ಣು ಮಾಡಿತು. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ, ಹಲಸೂರಿನ ಆಸುಪಾಸಿನ ಬಯಲಿಗೆ ಬಂದು ನೆಲೆಯೂರಿತು. ಅದೇ ವರ್ಷ ಅತ್ತ ನೆಪೋಲಿಯನ್ ವಿಯೆನ್ನಾ ನಗರವನ್ನು ಹಿಡಿದು ವಾಗ್ರಾಮ್ ಕದನದಲ್ಲಿ ಗೆದ್ದಿದ್ದ. ಆದ್ದರಿಂದ ನೆಪೋಲಿಯನ್ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಹವ್ಯಾಸ ಇಂದಿರಾನಗರದಲ್ಲಿ ಕಂಡುಬಂದರೆ ಅದನ್ನು ಬರಿಯ ಪರದೇಶಿ ಚಟವೆಂದು ತಳ್ಳಿಹಾಕುವಂತಿಲ್ಲ. ಊರಿನ ಈ ಭಾಗ ಹುಟ್ಟಿದ್ದೇ ಆ ಕಾಲದ ಯುದ್ಧಗಳಿಂದ.

ನಾವು ಐದಾರು ಗೆಳೆಯರು ಕೆಲವು ವರ್ಷಗಳಿಂದ ಭಾನುವಾರಗಳಂದು ಕೂಡಿ ಆಡುತ್ತ ಬಂದಿರುವ ಆಟದ ಹೆಸರು ‘ಕಮಾಂಡ್ಸ್ ಅಂಡ್ ಕಲರ್ಸ್: ನೆಪೋಲಿಯಾನಿಕ್ಸ್’. ರಿಚರ್ಡ್ ಬೋರ್ಗ್ ಎಂಬ ಅಮೆರಿಕದ ವಿನ್ಯಾಸಕ ರೂಪಿಸಿದ ಈ ಆಟ 2010ರಲ್ಲಿ ಹೊರಬಂತು. ಷಟ್ಕೋನದ ಮನೆಗಳಿರುವ ಹಾಸು. ಅದರ ಮೇಲೆ ಫ್ರೆಂಚರಿಗೆ ನೀಲಿ, ಇಂಗ್ಲಿಷರಿಗೆ ಕೆಂಪು ಮರದ ತುಂಡುಗಳು. ರಣರಂಗವನ್ನು ಎಡ, ನಡು, ಬಲ ಎಂದು ಮೂರಾಗಿ ವಿಭಾಗಿಸಲಾಗಿದೆ. ಕೈಯಲ್ಲಿರುವ ಎಲೆಯಲ್ಲಿ ಎಡಪಾರ್ಶ್ವ ಎಂದಿದ್ದರೆ ಎಡಕ್ಕೆ ಮಾತ್ರ ಅಪ್ಪಣೆ ಕೊಡಬಹುದು; ಬಲಪಾರ್ಶ್ವದಲ್ಲಿ ಸೈನ್ಯ ನುಚ್ಚುನೂರಾಗುತ್ತಿದ್ದರೂ ನೋಡುತ್ತ ಕೂರಬೇಕು. ನಿಂತಲ್ಲಿಂದಲೇ ಗುಂಡು ಹಾರಿಸುವ ಇಂಗ್ಲಿಷ್ ಕಾಲಾಳಿಗೆ ಒಂದು ದಾಳ ಹೆಚ್ಚು, ಮೈಮೇಲೆ ಬಿದ್ದು ಹೋರಾಡುವ ಫ್ರೆಂಚನಿಗೂ ಒಂದು ದಾಳ ಹೆಚ್ಚು. ಇಷ್ಟು ಸರಳ ನಿಯಮಗಳಿಂದ ಎರಡು ಸೈನ್ಯಗಳ ಸ್ವಭಾವವೇ ಬೇರೆ ಎಂಬುದು ಅರ್ಧ ಗಂಟೆಯಲ್ಲಿ ಮನದಟ್ಟಾಗುತ್ತದೆ. ಚದುರಂಗದಲ್ಲಿ ಕಾಯಿ ನಡೆಸುವವನು ಸರ್ವಶಕ್ತ. ಇಲ್ಲಿ ಸೇನಾಪತಿಯ ಮಾತು ಎಲ್ಲರಿಗೂ ಕೇಳಿಸುವುದಿಲ್ಲ. ಆಟದ ಮಜವೆಲ್ಲ ಇರುವುದು ಆ ಅಸಹಾಯಕತೆಯಲ್ಲಿ.

ಯುದ್ಧವನ್ನು ಮೇಜಿಗೆ ತರುವ ಈ ಪರಿಪಾಠವೂ ನೆಪೋಲಿಯನ್ ಕಾಲದ್ದೇ. ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ಅಲ್ಲಿನ ಅರಸನಿಗಾಗಿ ಇಂಥದೊಂದು ಆಟವನ್ನು ಸಿದ್ಧಪಡಿಸಿದ. ಅವನ ಮಗ 1824ರಲ್ಲಿ ಅದರ ನಿಯಮಗಳನ್ನು ಪರಿಷ್ಕರಿಸಿ ಪ್ರಕಟಿಸಿದ. ಅಲ್ಲಿ ಅದು ಸೇನಾಧಿಕಾರಿಗಳ ಶಿಕ್ಷಣದ ಭಾಗವಾಯಿತು. ಬಿಡುವಿನ ವೇಳೆಯ ವಿನೋದವಾದದ್ದು ಆಮೇಲೆ.

ನಮ್ಮ ಆಟದ ಮೂಲ ಪೆಟ್ಟಿಗೆಯಲ್ಲಿರುವ ಕದನಗಳಲ್ಲಿ ಹೆಚ್ಚಿನವು ಆರ್ಥರ್ ವೆಲ್ಲೆಸ್ಲಿ ಪೋರ್ಚುಗಲ್ ಮತ್ತು ಸ್ಪೇನ್‌ಗಳಲ್ಲಿ ನಡೆಸಿದವು. ಕೊನೆಗೆ ವಾಟರ್ಲೂ ಇದ್ದೇ ಇದೆ. ವಾಟರ್ಲೂವಿನ ಈ ವೀರ ಯುದ್ಧ ನಡೆಸುವುದನ್ನು ಕಲಿತದ್ದು ಬಹುಮಟ್ಟಿಗೆ ನಮ್ಮ ನೆಲದಲ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲು, ಕಾಲುವೆ ಮತ್ತು ಮೈಸೂರಿನ ರಾಕೆಟ್ಟುಗಳ ನಡುವೆ ಸಿಕ್ಕಿ ಆತ ಹಿಮ್ಮೆಟ್ಟಿದ್ದ. ಮಾರನೆಯ ದಿನ ಹಗಲಿನಲ್ಲಿ ಅದೇ ತೋಪನ್ನು ಹಿಡಿದ. ಕೋಟೆ ಬಿದ್ದ ಮೇಲೆ ಪಟ್ಟಣದ ಆಡಳಿತ ಅವನ ಕೈಗೆ ಬಂತು. ಅಸ್ಸಾಯೆಯಲ್ಲಿ ಗೆದ್ದದ್ದು 1803ರಲ್ಲಿ. ಇಷ್ಟಿದ್ದೂ ಆ ಪೆಟ್ಟಿಗೆಯಲ್ಲಿ ಮೈಸೂರಿಲ್ಲ. ಅದನ್ನು ಸೇರಿಸೋಣವೆಂದು ಹೊರಟಾಗಲೇ ನಮ್ಮ ನಿಜವಾದ ಆಟ ಆರಂಭವಾಯಿತು.

ಮೊದಲು ಆರಿಸಿಕೊಂಡದ್ದು 1791ರ ಕಾರ್ನ್‌ವಾಲಿಸನ ದಂಡಯಾತ್ರೆ. ಕಟ್ಟುನಿಟ್ಟಾಗಿ ನೋಡಿದರೆ ಅದು ನೆಪೋಲಿಯನ್ ಇನ್ನೂ ಸಾಮಾನ್ಯ ಅಧಿಕಾರಿಯಾಗಿದ್ದ ಕಾಲ. ಆದರೆ ಬಂದೂಕು, ಫಿರಂಗಿ, ವ್ಯೂಹಗಳೆಲ್ಲ ಅವೇ. ಜೊತೆಗೆ ಕಾರ್ನ್‌ವಾಲಿಸ್ ಬಂದದ್ದು ಪೂರ್ವ ದಿಕ್ಕಿನಿಂದ: ಮೊಗಿಲಿ ಕಣಿವೆ, ಕೋಲಾರ, ಹೊಸಕೋಟೆ, ಅಲ್ಲಿಂದ ಬೆಂಗಳೂರು. ನಮ್ಮಲ್ಲೊಬ್ಬರು ಕೃಷ್ಣರಾಜಪುರದಿಂದ ಮೆಟ್ರೊ ಹಿಡಿದು ಬರುವ ದಿಕ್ಕೂ ಅದೇ. (ಅವರು ತಡವಾಗಿ ಬಂದಾಗಲೆಲ್ಲ ಕಾರ್ನ್‌ವಾಲಿಸನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾರೆ.) ಶಿವಾಜಿನಗರದ ಮುದ್ರಣದಂಗಡಿಯೊಂದರಲ್ಲಿ ಹೊಸಕೋಟೆಯಿಂದ ಶ್ರೀರಂಗಪಟ್ಟಣದವರೆಗಿನ ಹಾಸನ್ನು ದಪ್ಪ ಬಟ್ಟೆಯ ಮೇಲೆ ಅಚ್ಚು ಹಾಕಿಸಿದೆವು. ಮೈಸೂರು ಪಡೆಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ತುಂಡುಗಳು ಬಂದವು.

ತೊಡಕು ಎದುರಾದದ್ದು ಆಮೇಲೆ. ಮೂಲ ನಿಯಮಗಳಂತೆ ಆಡಿದರೆ ಕಾರ್ನ್‌ವಾಲಿಸ್ ಸಲೀಸಾಗಿ ಗೆದ್ದುಬಿಡುತ್ತಿದ್ದ. ಚರಿತ್ರೆಯಲ್ಲಿ ಹಾಗಾಗಲಿಲ್ಲ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಅವನ ವಶವಾಯಿತು. ಮೇ 15ರಂದು ಅರಕೆರೆಯ ಕದನದಲ್ಲೂ ಅವನಿಗೇ ಜಯ. ಶ್ರೀರಂಗಪಟ್ಟಣ ಕಣ್ಣೆದುರಿಗಿತ್ತು. ಆದರೆ ಮಳೆ ಹಿಡಿದಿತ್ತು, ಧಾನ್ಯ ಮುಗಿದಿತ್ತು, ಭಾರೀ ಫಿರಂಗಿಗಳನ್ನು ಎಳೆಯುವ ಎತ್ತುಗಳು ಮೇವಿಲ್ಲದೆ ಸಾಲುಸಾಲಾಗಿ ಸಾಯುತ್ತಿದ್ದವು. ಆ ಫಿರಂಗಿಗಳನ್ನು ತಾನೇ ನಾಶಪಡಿಸಿ ಬೆಂಗಳೂರಿನತ್ತ ಹಿಂದಿರುಗಬೇಕಾಯಿತು. ಹಾಗೆ ಹಿಂದಿರುಗುವ ದಾರಿಯಲ್ಲಿ, ಧಾನ್ಯ ಹೊತ್ತ ಮರಾಠರ ಸೈನ್ಯ ಎದುರಾಯಿತು! ಅವರು ಅಷ್ಟು ಹತ್ತಿರದಲ್ಲಿದ್ದಾರೆಂಬ ಸುದ್ದಿಯೇ ಅವನಿಗೆ ತಲುಪಿರಲಿಲ್ಲ. ಸುದ್ದಿ ತರುವ ಹರಿಕಾರರನ್ನು ಟಿಪ್ಪುವಿನ ಸವಾರರು ನಡುದಾರಿಯಲ್ಲೇ ಹಿಡಿಯುತ್ತಿದ್ದರು.

ಕದನವನ್ನು ಗೆದ್ದು ದಂಡಯಾತ್ರೆಯನ್ನು ಸೋಲುವ ಈ ವಿಚಿತ್ರವನ್ನು ಹಾಸಿನ ಮೇಲೆ ತರುವುದು ಹೇಗೆ? ಉತ್ತರ ಅಡುಗೆಮನೆಯಲ್ಲಿ ದೊರೆಯಿತು. ಚೌಕಾಬಾರ ಆಡುವವರ ಮನೆಯಲ್ಲಿ ಹುಣಸೆಬೀಜಕ್ಕೆ ಬರವಿಲ್ಲ. ಒಂದೊಂದು ಬೀಜ ಒಂದೊಂದು ಎತ್ತಿನ ಹಿಂಡು. ಪ್ರತಿ ಸರದಿಗೆ ಸೈನ್ಯದ ಗಾತ್ರಕ್ಕೆ ತಕ್ಕಷ್ಟು ಬೀಜಗಳನ್ನು ತೆಗೆದಿಡಬೇಕು. ಮಳೆಯ ಎಲೆ ಬಂದರೆ ದುಪ್ಪಟ್ಟು. ಬೀಜವಿಲ್ಲದ ಫಿರಂಗಿ ಕದಲುವುದಿಲ್ಲ. ಮೈಸೂರಿನ ಕಡೆಯವರಿಗೆ ಅಮೃತಮಹಲ್ ತಳಿಯ ಎತ್ತುಗಳಿರುವುದರಿಂದ ಅವರ ಫಿರಂಗಿಗಳು ಒಂದು ಮನೆ ಹೆಚ್ಚು ಸಾಗುತ್ತವೆ. ಈ ತಳಿಯ ಬೆಲೆ ವೆಲ್ಲೆಸ್ಲಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಸ್ಪೇನ್‌ನ ಕೆಟ್ಟ ರಸ್ತೆಗಳಲ್ಲಿ ಸಾಗಣೆಗೆ ಪರದಾಡುವಾಗ ಇವುಗಳಿಲ್ಲವೆಂದು ಅವನು ಹಳಹಳಿಸಿದನೆಂದು ಹೇಳಲಾಗುತ್ತದೆ. ಅದನ್ನು ನಂಬುವುದು ಕಷ್ಟವಲ್ಲ. ಕವಡೆಗಳನ್ನು ಬಂಜಾರರಿಗೆ, ಎಂದರೆ ನಾವು ಲಂಬಾಣಿಗಳೆನ್ನುವ ಸಂಚಾರಿ ವ್ಯಾಪಾರಿಗಳಿಗೆ, ಮೀಸಲಿಟ್ಟೆವು. ದನಗಳ ಬೆನ್ನ ಮೇಲೆ ಧಾನ್ಯ ಹೇರಿಕೊಂಡು ಸೈನ್ಯಗಳ ಹಿಂದೆ ನಡೆದವರು ಅವರು. 1792ರಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದು ಟಿಪ್ಪುವನ್ನು ಮಣಿಸಿ, ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಬರೆಸಿಕೊಂಡಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದವರೂ ಬಹುಮಟ್ಟಿಗೆ ಅವರೇ.

ಈ ಬೀಜ, ಕವಡೆಗಳು ಬಂದ ಮೇಲೆ ಆಟದ ಚಹರೆಯೇ ಬದಲಾಯಿತು. ಮೊದಲೆಲ್ಲ ಅಶ್ವದಳದ ದಾಳಿಗೆ ಹುರುಪಿನಿಂದ ಕೂಗಾಡುತ್ತಿದ್ದವರು ಈಗ ಮೇವಿನ ಲೆಕ್ಕ ಹಾಕುತ್ತ ಗಂಭೀರವಾಗಿ ಕೂರುತ್ತಾರೆ. ಬೇಸರವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎದುರಾಳಿಯ ಬಳಿ ಮೂರೇ ಬೀಜ ಉಳಿದಿವೆ, ಅವನು ಅದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದಾನೆ ಎಂಬ ಗುಮಾನಿ ಹುಟ್ಟಿಸುವ ರೋಮಾಂಚನ ಯಾವ ಅಶ್ವದಾಳಿಗೂ ಕಡಿಮೆಯಲ್ಲ.

ಎರಡನೆಯ ಸಮಸ್ಯೆ ನಿಯಮದ್ದಲ್ಲ, ಮನುಷ್ಯರದ್ದು. ನಮ್ಮ ಗುಂಪಿನಲ್ಲಿ ಕೊಡಗಿನವರೊಬ್ಬರಿದ್ದಾರೆ. ಅವರು ಮೊದಲ ದಿನವೇ, ನಾನು ಟಿಪ್ಪುವಿನ ಕಡೆ ಕೂರುವುದಿಲ್ಲ, ಇಂಗ್ಲಿಷರ ಕಡೆ ಕೂರುವುದಕ್ಕೂ ಮನಸ್ಸಿಲ್ಲ ಎಂದುಬಿಟ್ಟರು. ಸರ್ಕಾರ 2015ರಿಂದ ಟಿಪ್ಪು ಜಯಂತಿಯನ್ನು ಆಚರಿಸಿದ್ದು, 2019ರಲ್ಲಿ ಅದನ್ನು ಕೈಬಿಟ್ಟದ್ದು, ನಡುವಿನ ವರ್ಷಗಳ ಬೀದಿಜಗಳ ಎಲ್ಲವೂ ನಮ್ಮ ನೆನಪಿನಲ್ಲಿವೆ. ಟಿಪ್ಪುವಿನ ಪಡೆಗಳು ಕೊಡಗಿನಿಂದ ಜನರನ್ನು ಸೆರೆಹಿಡಿದು ಒಯ್ದ ನೆನಪು ಆ ನಾಡಿನ ಮನೆಗಳಲ್ಲಿ ಆರಿಲ್ಲ. ಇನ್ನೊಬ್ಬ ಗೆಳೆಯರಿಗೆ ಟಿಪ್ಪು ಎಂದರೆ ಇಂಗ್ಲಿಷರಿಗೆ ತಲೆಬಾಗದೆ ಕೋಟೆಯ ಬಾಗಿಲಲ್ಲಿ ಬಿದ್ದ ಅರಸು. ಊಟದ ಮೇಜು ಚರ್ಚಾಕೂಟವಾಗುವ ಲಕ್ಷಣ ಕಂಡಿತು. ಅಂದು ಆಟ ನಡೆಯಲಿಲ್ಲ. ಮುಂದಿನ ಭಾನುವಾರ ಬರುತ್ತಾರೋ ಇಲ್ಲವೋ ಎಂಬ ಅಳುಕೂ ಇತ್ತು.

ಅವರು ಬಂದರು. ಬರುವಾಗ ಮೂರನೆಯ ಪಕ್ಷವೊಂದರ ನಿಯಮಗಳನ್ನು ಬರೆದುಕೊಂಡು ಬಂದಿದ್ದರು. ಕೊಡಗಿನ ದೊಡ್ಡ ವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ತನ್ನ ನಾಡನ್ನು ಮರಳಿ ಗೆದ್ದವನು. ಮುಂಬಯಿ ಕಡೆಯಿಂದ ಬಂದ ಇಂಗ್ಲಿಷ್ ಪಡೆಗೆ ಘಟ್ಟದ ದಾರಿಯನ್ನೂ ಧಾನ್ಯವನ್ನೂ ಕೊಟ್ಟವನು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಸಮೀಪದ ಸಿದ್ದೇಶ್ವರದಲ್ಲಿ ಟಿಪ್ಪು ಆ ಪಡೆಯ ಮೇಲೆರಗಿ ಹಿಮ್ಮೆಟ್ಟಿದಾಗ ವೀರರಾಜೇಂದ್ರ ಸ್ಥಳದಲ್ಲಿದ್ದ. ಗೆಳೆಯರ ನಿಯಮದಂತೆ ಕೊಡಗಿನ ಗೆಲುವು ಬೇರೆ, ಇಂಗ್ಲಿಷರ ಗೆಲುವು ಬೇರೆ. ಇಂಗ್ಲಿಷರು ಅತಿ ಬೇಗ ಗೆದ್ದರೆ ಕೊಡಗು ಸೋತಂತೆ. ನೆರೆಯಲ್ಲಿ ಇನ್ನೂ ದೊಡ್ಡ ಒಡೆಯನೊಬ್ಬ ಬಂದು ಕೂತಂತಾಯಿತಲ್ಲ! ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಕೊಡಗನ್ನು ಇಂಗ್ಲಿಷರು ತಮ್ಮದಾಗಿಸಿಕೊಂಡದ್ದು 1834ರಲ್ಲಿ ಎಂಬುದನ್ನು ನೆನೆದರೆ ಆ ನಿಯಮದ ದೂರದೃಷ್ಟಿ ತಿಳಿಯುತ್ತದೆ. ಕೊಡಗಿಗೆ ಪೀಠ ಸಿಕ್ಕ ಮೇಲೆ ಮರಾಠರಿಗೂ ನಿಜಾಮನಿಗೂ ಒಂದೊಂದು ಕುರ್ಚಿ ಬಂತು. ಆಡುವವರಲ್ಲಿ ಯಾರೂ ಪೂರ್ತಿ ಮಿತ್ರರಲ್ಲ. ಟಿಪ್ಪುವಿನ ಕಡೆ ಯಾರು ಕೂರಬೇಕೆಂಬುದನ್ನು ಈಗ ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಕೊಡಗಿನ ಗೆಳೆಯರ ಹೆಸರು ಆ ಚೀಟಿಗಳಲ್ಲಿ ಇರುವುದಿಲ್ಲ. ಅದಕ್ಕೆ ಯಾರ ತಕರಾರೂ ಇಲ್ಲ.

ನೆಪೋಲಿಯನ್ ಸ್ವತಃ ನಮ್ಮ ಆಟದಲ್ಲಿ ಕಾಣಿಸಿಕೊಳ್ಳುವುದು ಒಂದೇ ಒಂದು ಎಲೆಯಾಗಿ. 1799ರ ಜನವರಿಯಲ್ಲಿ ಕೈರೋದಿಂದ ಅವನು ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಪತ್ರ ತಲುಪಿದ್ದರೆ? ಮಂಗಳೂರಿನಲ್ಲಿ ಫ್ರೆಂಚ್ ಸೈನ್ಯವನ್ನು ಇಳಿಸುವ ಎಲೆಯೊಂದನ್ನು ಉತ್ಸಾಹಿಯೊಬ್ಬರು ರಚಿಸಿಯೂ ಆಗಿತ್ತು. ಆದರೆ 1798ರ ಆಗಸ್ಟ್‌ನಲ್ಲೇ ಅಬೂಕಿರ್ ಕೊಲ್ಲಿಯಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಸುಟ್ಟುಹಾಕಿದ್ದ. ಹಡಗೇ ಇಲ್ಲದವನು ಯಾರನ್ನು ಕಳಿಸಬೇಕು? ಫ್ರೆಂಚರ ನೆರವಿನ ಭರವಸೆ ಟಿಪ್ಪುವಿಗೆ ಸೈನಿಕರನ್ನು ತಂದುಕೊಡುವ ಬದಲು ಶತ್ರುವಿಗೆ ನೆಪವನ್ನು ತಂದುಕೊಟ್ಟಿತು. ಆದ್ದರಿಂದ ನಮ್ಮ ಹಾಸಿನಲ್ಲಿ ಪತ್ರದ ಎಲೆ ಬಿದ್ದರೆ ಇಂಗ್ಲಿಷರಿಗೆ ಒಂದು ಸರದಿ ಹೆಚ್ಚು ದೊರೆಯುತ್ತದೆ.

ಸಿದ್ಧ ಆಟವನ್ನು ಹೀಗೆ ಬಿಚ್ಚಿ ಕಟ್ಟುವುದಕ್ಕೆ ನಮ್ಮಲ್ಲೇ ಒಬ್ಬ ಹಿರಿಯರಿದ್ದಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರ ಜೂನ್ 30ರಂದು, ಇನ್ನೂ ಐದು ತುಂಬದ ಬಾಲಕನೊಬ್ಬನನ್ನು ಇಂಗ್ಲಿಷರು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿದರು. ಆ ಏರ್ಪಾಡಿನ ಆಯೋಗದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ಇದ್ದ. ಆ ಬಾಲಕನೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಆಡಳಿತ ಅವರ ಕೈತಪ್ಪಿತು. ಆಟಗಳ ಹಾಸು ಮಾತ್ರ ಅವರ ಕೈಯಲ್ಲೇ ಉಳಿಯಿತು. ಚದುರಂಗ, ಪಗಡೆ, ಗಂಜೀಫಾ ಯಾವುದನ್ನೂ ಅವರು ಇದ್ದಂತೆ ಬಿಡಲಿಲ್ಲ. ಮನೆಗಳನ್ನು ಹೆಚ್ಚಿಸಿದರು, ಹೊಸ ಎಲೆಗಳನ್ನು ಸೇರಿಸಿದರು, ಕುದುರೆಯ ನಡೆಯ ಸಮಸ್ಯೆಗಳಲ್ಲಿ ಮುಳುಗಿದರು. ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಹಾಸುಗಳನ್ನು ಇಂದಿಗೂ ನೋಡಬಹುದು. ರಾಜ್ಯವಿಲ್ಲದ ರಾಜನ ಕಾಲಹರಣವೆಂದು ಅದನ್ನು ಹಗುರಾಗಿ ಕಾಣುವವರಿದ್ದಾರೆ. ನಿಯಮಗಳನ್ನೆಲ್ಲ ಬೇರೆಯವರು ಬರೆದ ಒಂದು ಆಟದಲ್ಲಿ ಬಾಲ್ಯದಿಂದಲೇ ಕಾಯಿಯಾಗಿದ್ದವರು ತಾವೇ ನಿಯಮ ಬರೆಯಬಹುದಾದ ಎಡೆಯನ್ನು ಹುಡುಕಿಕೊಂಡರೆಂದು ನನಗೆ ತೋರುತ್ತದೆ.

ಸದ್ಯಕ್ಕೆ ಬಗೆಹರಿಯದೆ ಉಳಿದಿರುವುದು ಕಾವೇರಿ. 1799ರಲ್ಲಿ ಮುತ್ತಿಗೆ ಹಾಕಿದ ಜನರಲ್ ಹ್ಯಾರಿಸ್‌ನ ಬಳಿಯೂ ಅಕ್ಕಿ ಮುಗಿಯುತ್ತ ಬಂದಿತ್ತು. ಮೇ 4ರಂದು ನದಿಯಲ್ಲಿ ನೀರು ಕಡಿಮೆಯಿದ್ದುದರಿಂದ ಸೈನಿಕರು ಅದನ್ನು ಹಾದು ಕೋಟೆಯ ಬಿರುಕಿಗೆ ನುಗ್ಗಿದರು. ಮಳೆಗಾಲದವರೆಗೆ ಕೋಟೆ ನಿಂತಿದ್ದರೆ ಕತೆ ಬೇರೆಯಾಗುತ್ತಿತ್ತು. ಹಾಗಾಗಿ ನದಿ ಏರುವವರೆಗೆ ತಾಳಿದರೆ ಮೈಸೂರಿಗೆ ಗೆಲುವು ಎಂಬ ನಿಯಮವನ್ನು ಎಲ್ಲರೂ ಒಪ್ಪಿದ್ದೇವೆ. ಯಾವ ಸರದಿಯಲ್ಲಿ ಏರಬೇಕು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಹನ್ನೆರಡನೆಯದೆಂದರೆ ಟಿಪ್ಪು ಹೆಚ್ಚುಕಡಿಮೆ ಪ್ರತಿ ಸಲ ಉಳಿಯುತ್ತಾನೆ. ಹದಿನಾರೆಂದರೆ ಒಮ್ಮೆಯೂ ಇಲ್ಲ. ಕೊಡಗಿನ ಗೆಳೆಯರು ಹದಿನೈದು ಎನ್ನುತ್ತಾರೆ, ಅವರ ಎದುರು ಕೂರುವವರು ಹದಿಮೂರು. ಕಳೆದ ತಿಂಗಳಿಂದ ನಿಯಮದ ಪುಸ್ತಕದಲ್ಲಿ ಹದಿನಾಲ್ಕು ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇವೆ.