ಘಟ್ಟದ ದಾರಿಯಲ್ಲಿ ಬೈಸಿಕಲ್ ಪಂದ್ಯ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದರ ಅರ್ಥ ಚೆನ್ನಾಗಿ ಮನಸ್ಸಿಗೆ ಹತ್ತಬೇಕಾದರೆ ಬೈಸಿಕಲ್ಲನ್ನು ಹತ್ತಿ ಘಟ್ಟದ ಬುಡಕ್ಕೆ ಹೋಗಬೇಕು. ನಾನು ಸುಮಾರು ಮೂವತ್ತು ವರ್ಷ ಶಾಲೆಗೆ ಬೈಸಿಕಲ್ಲಿನಲ್ಲಿಯೇ ಹೋಗಿಬಂದವನು. ಆದರೆ ದಾರಿಯಲ್ಲಿ ಕೊಂಚ ಏರು ಸಿಕ್ಕಿದರೂ ಇಳಿದು ತಳ್ಳಿಕೊಂಡು ಹೋಗುವುದೇ ನನ್ನ ಪದ್ಧತಿ. ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ನೀಲಗಿರಿಯ ಘಟ್ಟವನ್ನು ಬೈಸಿಕಲ್ಲಿನಲ್ಲಿ ಏರಲು ಹೆಸರು ಕೊಟ್ಟಿದ್ದೇನೆ ಎಂದ. ಮರುದಿನ ಅವನ ತಾಯಿ ಬಂದರು. "ಮೇಷ್ಟ್ರೇ, ನೀವಾದರೂ ಅವನಿಗೆ ಬುದ್ಧಿ ಹೇಳಿ" ಎಂದರು. ವಿಷಯ ತಿಳಿಯದೆ ಬುದ್ಧಿ ಹೇಳುವುದು ಹೇಗೆ? ವಿಚಾರಿಸಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದೆಯೂ ಇಡುತ್ತೇನೆ. ನಿಮ್ಮ ಮನೆಯಲ್ಲಿಯೂ ಅಂಥ ಹುಡುಗನೋ ಹುಡುಗಿಯೋ ಇರಬಹುದಲ್ಲವೆ?

ಈ ಹವ್ಯಾಸ ಹೊಸದಲ್ಲ. ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಬೈಸಿಕಲ್ ಪಂದ್ಯ 1903ರಲ್ಲಿ ಆರಂಭವಾಯಿತು. 1910ರಲ್ಲಿ ಅದು ಮೊದಲ ಬಾರಿಗೆ ಪಿರನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳನ್ನು ಏರಿತು. 2115 ಮೀಟರ್ ಎತ್ತರದ ತೂರ್ಮಲೆ ಕಣಿವೆಯನ್ನು ಮೊದಲು ದಾಟಿದ ಒಕ್ತಾವ್ ಲಾಪಿಜ್ ಎಂಬಾತನೂ ನಡುನಡುವೆ ಇಳಿದು ನಡೆಯಬೇಕಾಯಿತು. ಆ ವರ್ಷದ ಪಂದ್ಯವನ್ನು ಗೆದ್ದವನೂ ಅವನೇ. ಅಂತಹವನೇ ತಳ್ಳಿಕೊಂಡು ಹೋದನೆಂದು ತಿಳಿದಾಗ ನನ್ನ ಪದ್ಧತಿಯ ಬಗೆಗೆ ನನಗಿದ್ದ ಸಂಕೋಚ ಅರ್ಧ ಕಡಿಮೆಯಾಯಿತು. ವೃತ್ತಿಪರರು ಸಾಗುವ ಪರ್ವತದ ಹಾದಿಯಲ್ಲಿಯೇ ಸಾಮಾನ್ಯ ಸವಾರರೂ ಒಂದು ದಿನ ಸ್ಪರ್ಧಿಸುವ ಏರ್ಪಾಟು ಆ ದೇಶದಲ್ಲಿ 1993ರಿಂದ ನಡೆದುಬಂದಿದೆ.

ನಮ್ಮ ಕಡೆ 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಎಂಬ ಬೈಸಿಕಲ್ ಯಾತ್ರೆ ಆರಂಭವಾಯಿತು. ಕರ್ನಾಟಕ, ತಮಿಳುನಾಡು, ಕೇರಳಗಳ ಬೆಟ್ಟದ ಸೀಮೆಯಲ್ಲಿ ಹಲವು ದಿನ ನಡೆಯುವ ಇದರಲ್ಲಿ ದಾರಿಯೆಲ್ಲವೂ ಪಂದ್ಯವಲ್ಲ. ಕೆಲವು ಭಾಗಗಳಲ್ಲಿ ಮಾತ್ರ ಗಡಿಯಾರ ಹಿಡಿದು ಕಾಲವನ್ನು ಅಳೆಯುತ್ತಾರೆ. ಇದರಲ್ಲಿ ಹೆಸರಾದದ್ದು ಮಸಿನಗುಡಿಯಿಂದ ಉದಕಮಂಡಲದ ಕಡೆಗೆ ಏರುವ ಕಲ್ಹಟ್ಟಿ ಘಟ್ಟ. ಅಲ್ಲಿ 36 ಹೇರ್‌ಪಿನ್ ತಿರುವುಗಳು. ಸುಮಾರು 30 ಕಿಲೋಮೀಟರ್ ದಾರಿಯಲ್ಲಿ 1200 ಮೀಟರ್‌ಗಳಷ್ಟು ಮೇಲಕ್ಕೆ ಹೋಗಬೇಕು. ಕೆಲವೆಡೆ ನೂರು ಅಡಿ ಮುಂದೆ ಸಾಗುವುದರೊಳಗೆ ಹತ್ತು ಅಡಿಗೂ ಮೀರಿದ ಏರು.

ಇದು ಎಂತಹ ದುಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಸವಾರನೂ ಬೈಸಿಕಲ್ಲೂ ಸೇರಿ 80 ಕಿಲೋ ತೂಕವೆಂದುಕೊಳ್ಳಿ. ಆ ಭಾರವನ್ನು 1200 ಮೀಟರ್ ಎತ್ತುವುದೆಂದರೆ ಸುಮಾರು 400 ಅಂತಸ್ತುಗಳ ಮನೆಯೊಂದರ ಮೇಲಕ್ಕೆ ಹೊತ್ತೊಯ್ದಂತೆ. ಗೇರುಗಳಿವೆಯಲ್ಲ ಎಂದು ನೀವು ಕೇಳಬಹುದು. ಗೇರು ದುಡಿಮೆಯನ್ನು ಕಡಿಮೆ ಮಾಡುವುದಿಲ್ಲ. ಹಂಚಿ ಕೊಡುತ್ತದೆ, ಅಷ್ಟೆ. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಬಿದ್ದರೆ ಪ್ರತಿ ತುಳಿತವೂ ಹಗುರವಾಗುತ್ತದೆ, ಆದರೆ ತುಳಿತಗಳ ಸಂಖ್ಯೆ ಹೆಚ್ಚುತ್ತದೆ. ದೊಡ್ಡ ಸಾಲವನ್ನು ಸಣ್ಣ ಕಂತುಗಳಲ್ಲಿ ತೀರಿಸಿದ ಹಾಗೆ. ಓಡುತ್ತಿರುವಾಗಲೇ ಗೇರು ಬದಲಿಸುವ ಸಾಧನವನ್ನು ಫ್ರಾನ್ಸಿನ ಆ ಪಂದ್ಯದಲ್ಲಿ 1937ರವರೆಗೆ ಒಪ್ಪಿರಲಿಲ್ಲ. ಅಲ್ಲಿಯವರೆಗೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನೇ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಬಯಲುದಾರಿಯ ಪಂದ್ಯಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ಬಯಲಿನಲ್ಲಿ ವೇಗವಾಗಿ ಸಾಗುವವನ ಮುಖ್ಯ ಶತ್ರು ಗಾಳಿ. ಮುಂದಿನವನ ಬೆನ್ನ ಹಿಂದೆ ಮರೆಯಾಗಿ ಸಾಗಿದರೆ ಕಾಲುಭಾಗದಷ್ಟು ಶ್ರಮ ಉಳಿಯಬಹುದು. ಕಡಿದಾದ ಏರಿನಲ್ಲಿ ವೇಗ ಗಂಟೆಗೆ ಎಂಟು ಹತ್ತು ಕಿಲೋಮೀಟರಿಗೆ ಇಳಿದುಬಿಡುತ್ತದೆ. ಅಲ್ಲಿ ಗಾಳಿಯ ಕಾಟವೂ ಇಲ್ಲ, ಇನ್ನೊಬ್ಬರ ಮರೆಯೂ ಇಲ್ಲ. ತನ್ನ ಭಾರವನ್ನು ತಾನೇ ಎತ್ತಬೇಕು.

ಆದ್ದರಿಂದ ಏರಿನಲ್ಲಿ ಸೋಲುವವರು ಬಹಳ ಮಟ್ಟಿಗೆ ಆತುರದಿಂದಲೇ ಸೋಲುತ್ತಾರೆ. ಮೊದಲ ತಿರುವುಗಳಲ್ಲಿ ಮೈಯಲ್ಲಿ ಕಸುವಿರುತ್ತದೆ. ಪಕ್ಕದವನು ಮುಂದೆ ಹೋದನೆಂದು ಇವನೂ ಜೋರಾಗಿ ತುಳಿಯುತ್ತಾನೆ. ಅರ್ಧ ದಾರಿಗೆ ಉಸಿರು ಸಾಲದು, ತೊಡೆ ಹಿಡಿದುಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಪಕ್ಕದವನೊಡನೆ ಒಂದೆರಡು ಮಾತು ಆಡಲಾಗುವಷ್ಟು ಉಸಿರನ್ನು ಉಳಿಸಿಕೊಂಡು ಮೊದಲರ್ಧವನ್ನು ಏರಬೇಕೆಂದು ಅನುಭವಿಗಳು ಹೇಳುತ್ತಾರೆ. ಊಟದ ಮಾತೂ ಹೀಗೆಯೇ. ಕಷ್ಟದ ದುಡಿಮೆಗೆ ಮೈ ಕೂಡಿಟ್ಟ ಸಕ್ಕರೆ ಒಂದೂವರೆ ಎರಡು ಗಂಟೆಗಳಲ್ಲಿ ಕರಗಿಹೋಗುತ್ತದೆ. ಹಸಿವಾಗುವ ಮೊದಲೇ ಬಾಳೆಹಣ್ಣನ್ನೋ ಕಡಲೆಕಾಯಿ ಚಿಕ್ಕಿಯನ್ನೋ ತಿನ್ನಬೇಕು. ಉಪ್ಪು ಸಕ್ಕರೆ ಬೆರೆಸಿದ ನಿಂಬೆಯ ಪಾನಕವನ್ನು ಆಗಾಗ ಗುಟುಕರಿಸುತ್ತಿರಬೇಕು.

ನಮ್ಮ ಭಾಷೆಯಲ್ಲಿ ಘಟ್ಟ ಎಂದರೆ ಪರ್ವತವೂ ಹೌದು, ಕೆಲಸದ ಒಂದು ಹಂತವೂ ಹೌದು. ಈ ಪಂದ್ಯಕ್ಕೆ ಎರಡು ಅರ್ಥವೂ ಸಲ್ಲುತ್ತದೆ. ಏರು ಮೊದಲ ಘಟ್ಟವಾದರೆ ಇಳಿಜಾರು ಎರಡನೆಯದು. ನೋಡುವವರಿಗೆ ಏರು ಭಯಂಕರವಾಗಿ ಕಂಡರೂ ಅಪಾಯವಿರುವುದು ಇಳಿಜಾರಿನಲ್ಲಿ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ತಿರುವಿನ ಒಳಗೆ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಗಾಲಿ ಜಾರುತ್ತದೆ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು. 1992ರ ಒಲಿಂಪಿಕ್ಸ್‌ನಲ್ಲಿ ರಸ್ತೆಯ ಪಂದ್ಯವನ್ನು ಗೆದ್ದ ಇಟಲಿಯ ಫಾಬಿಯೊ ಕಸಾರ್ತೆಲ್ಲಿ, 1995ರಲ್ಲಿ ಪಿರನೀಸಿನ ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. 2003ರಲ್ಲಿ ಇನ್ನೊಬ್ಬ ಸವಾರ ಬಿದ್ದು ಮರಣ ಹೊಂದಿದ ಮೇಲೆ ವೃತ್ತಿಪರ ಪಂದ್ಯಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಚಿನ್ನದ ಪದಕ ಪಡೆದವನಿಗೇ ಹೀಗಾದ ಮೇಲೆ ನಮ್ಮ ಹುಡುಗರ ಪಾಡೇನು?

ಇಷ್ಟನ್ನು ತಿಳಿದ ಮೇಲೆ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ತಡೆಯಬೇಡಿ ತಾಯಿ. ಮೂರು ಮಾತುಗಳನ್ನು ಮಾತ್ರ ಕೇಳಿ ತಿಳಿದುಕೊಳ್ಳಿ. ಹೆಲ್ಮೆಟ್ ಸರಿಯಾಗಿ ಕೂರುತ್ತದೆಯೆ? ಬ್ರೇಕನ್ನು ಬಲ್ಲವರಿಗೆ ತೋರಿಸಿದ್ದಾನೆಯೆ? ಇಳಿಯುವಾಗ ಯಾರೊಡನೆಯೂ ಪೈಪೋಟಿ ಮಾಡುವುದಿಲ್ಲವೆಂದು ಮಾತು ಕೊಡುತ್ತಾನೆಯೆ?" ಹುಡುಗ ಮೂರಕ್ಕೂ ಒಪ್ಪಿದ. ಕೆಲವು ತಿಂಗಳು ನಂದಿಬೆಟ್ಟದ ದಾರಿಯಲ್ಲಿ ಬೆಳಗಿನ ಜಾವ ಅಭ್ಯಾಸ ಮಾಡಿದ.

ಪಂದ್ಯ ಮುಗಿಸಿ ಬಂದವನನ್ನು, ಎಷ್ಟನೆಯವನಾದೆಯಪ್ಪಾ ಎಂದು ಕೇಳಿದೆ. ನಕ್ಕುಬಿಟ್ಟ. "ಬಹಳ ಜನ ನನಗಿಂತ ಮುಂದೆ ಹೋದರು ಮೇಷ್ಟ್ರೇ. ಒಂದು ತಿರುವಿನಲ್ಲಿ ಕಾಲು ನೆಲಕ್ಕೆ ಊರಬೇಕಾಯಿತು. ಇಳಿಜಾರುಗಳಲ್ಲಂತೂ ಹೆಂಗಸರು ಮಕ್ಕಳು ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು" ಎಂದ. ಪಕ್ಕದಲ್ಲಿ ಕುಳಿತಿದ್ದ ಅವನ ತಾಯಿ ಏನೂ ಹೇಳಲಿಲ್ಲ. ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದರು.