ಬಸುರಿಯ ಚಿಂತೆ, ಮಗುವಿನ ಉಸಿರು

“ಬಸುರಿಯಲ್ಲಿ ಅವಳು ಅಷ್ಟು ಟೆನ್ಶನ್ ಮಾಡ್ಕೊಂಡಿದ್ದಕ್ಕೇ ಮಗುವಿಗೆ ಉಬ್ಬಸ ಬಂತು” ಅಂತ ಮನೆಯವರು ಹೇಳೋದನ್ನು ಕೇಳಿರುತ್ತೀರಿ. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ತಪ್ಪನ್ನು ತಾಯಿಯ ಮೇಲೆ ಹೊರಿಸುವುದು ಸರಿಯಲ್ಲ.

ಚಿಂತೆ, ಹೆದರಿಕೆ ಇದ್ದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಅದರ ಬಹುಪಾಲು ಮಗುವನ್ನು ಮುಟ್ಟದಂತೆ ಮಾಸು ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಮಗುವಿನ ಶ್ವಾಸಕೋಶ ಬೆಳೆಯುವ ಹೊತ್ತಿನಲ್ಲಿ ಇದು ಪರಿಣಾಮ ಬೀರಬಹುದು ಅನ್ನೋದು ತಜ್ಞರ ಅಂದಾಜು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991–92ರಲ್ಲಿ ಗರ್ಭಿಣಿಯರಾಗಿದ್ದ ಸುಮಾರು 14,000 ಮಹಿಳೆಯರಿಂದ ಶುರುವಾದ ಅಧ್ಯಯನದಲ್ಲಿ, ಬಸುರಿಯಲ್ಲಿ ಬಹಳ ಆತಂಕಪಟ್ಟವರ ಮಕ್ಕಳಲ್ಲಿ ಏಳೂವರೆ ವರ್ಷಕ್ಕೆ ಅಸ್ತಮಾ ಹೆಚ್ಚು ಕಂಡಿತು. ಆದರೂ ಆತಂಕಪಟ್ಟ ಹೆಚ್ಚಿನ ತಾಯಂದಿರ ಮಕ್ಕಳಿಗೆ ಅಸ್ತಮಾ ಬರಲಿಲ್ಲ, ಇದನ್ನೂ ನೆನಪಿಡಿ.

“ಚಿಂತೆ ಮಾಡ್ಬೇಡ” ಅಂದರೆ ಚಿಂತೆ ಹೋಗುತ್ತದೆಯೇ? ಅದರ ಕಾರಣ ನೋಡಬೇಕು. ನಮ್ಮಲ್ಲಿ ಬರುವ ಹೆಣ್ಣುಮಕ್ಕಳ ದೊಡ್ಡ ಭಯ, ಕೆಲಸ ಹೋಗುತ್ತದೆ ಅನ್ನೋದು. ಯುಎಇಯ ಖಾಸಗಿ ಕಂಪನಿಗಳಲ್ಲಿ ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಹೆರಿಗೆ ರಜೆ 60 ದಿನ: 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಮನೆಗೆಲಸದವರಿಗೆ ಕಾನೂನು ಬೇರೆ. ಅವರೂ ಸೇರಿ ಯಾರೇ ಆಗಲಿ, ತೊಂದರೆ ಆದರೆ ಪ್ರವಾಸಿ ಭಾರತೀಯ ಸಹಾಯ ಕೇಂದ್ರಕ್ಕೆ 800 46342ಗೆ ಫೋನ್ ಮಾಡಿ, ದುಡ್ಡಿಲ್ಲ.

ಹೆಂಡತಿ ಊರಲ್ಲಿ, ನೀವು ಇಲ್ಲಿ ಇದ್ದರೆ ಪ್ರತಿ ಫೋನಿನಲ್ಲೂ ಸಾಲದ ಲೆಕ್ಕವೇ ಬೇಡ. ನಿದ್ದೆ ಬರುತ್ತಾ, ಊಟ ಸೇರುತ್ತಾ ಕೇಳಿ. ಎರಡು ವಾರವಾದರೂ ಮಂಕು, ಅಳು ಬಿಡದಿದ್ದರೆ ಡಾಕ್ಟರಿಗೆ ತೋರಿಸಬೇಕು. ಊರಿನಿಂದ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಮಗುವಿನ ಉಸಿರಿಗೆ ಹೊಗೆಯಿಂದ ಆಗುವ ಕೇಡಿನಲ್ಲಂತೂ ಅನುಮಾನವೇ ಇಲ್ಲ. ಬಸುರಿ ಇರುವ ಫ್ಲ್ಯಾಟಿನಲ್ಲಿ ಯಾರೂ ಸಿಗರೇಟ್ ಸೇದಬಾರದು, ಬಾಲ್ಕನಿಯಲ್ಲೂ ಬೇಡ. ಎಸಿ ಹಾಕಿ ಕಿಟಕಿ ಮುಚ್ಚಿದ ರೂಮಿನಲ್ಲಿ ಬುಖೂರ್, ಸೊಳ್ಳೆಬತ್ತಿ ಬೇಡ. ಸ್ನಾನವಾದ ಮೇಲೆ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನೂ ಬಿಡಿ. ಅಜ್ಜಿಗೆ ಬೇಜಾರಾದರೂ ಪರವಾಗಿಲ್ಲ. ತಾಯಿಗೇ ಅಸ್ತಮಾ ಇದ್ದರೆ ಬಸುರಿ ಅಂತ ಇನ್‌ಹೇಲರ್ ತಾವಾಗಿಯೇ ನಿಲ್ಲಿಸಬಾರದು.

ಉಸಿರಾಟದ ಮೇಲೆ ಅನುಮಾನ ಬಂದರೆ ಮಗು ಅಳದೆ ಇರುವಾಗ ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲಾಗದಿದ್ದರೆ ಕಾಯಬೇಡಿ. ಯುಎಇಯಲ್ಲಿ ಆಂಬ್ಯುಲೆನ್ಸ್ 998.