40 ಟನ್ ಭಾರದ ಲಾರಿ ಹಡಗಿನೊಳಗೆ ಮಗುಚಿ ಬೀಳುವುದು ನಿಜವೇ?

ಹಡಗಿನ ಹೊಟ್ಟೆಯೊಳಗೆ ಸಾಲಾಗಿ ನಿಂತ ಲಾರಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಕೊನೆಗೆ ಒಂದು ಲಾರಿ ಪಕ್ಕದ್ದರ ಮೇಲೆ ಒರಗಿ ಬೀಳುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂತಹ ವಿಡಿಯೊ ನೋಡಿದವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, "ಇದು ಗ್ರಾಫಿಕ್ಸ್, ಅಷ್ಟು ಭಾರದ ಲಾರಿ ಆಟಿಕೆ ಥರ ಬೀಳುತ್ತಾ?" ಇನ್ನೊಂದು, "ಡ್ರೈವರ್ ಕ್ಯಾಬಿನ್‌ನಲ್ಲೇ ಕೂತು ಬ್ರೇಕ್ ಒತ್ತಿಕೊಂಡಿದ್ದರೆ ಹೀಗಾಗ್ತಿರಲಿಲ್ಲ."

ನಿಮಗೆ ಬಂದ ಆ ಒಂದು ವಿಡಿಯೊ ಅಸಲಿಯೋ ನಕಲಿಯೋ ಎಂದು ಅದನ್ನು ನೋಡದೆ ನಾವು ಹೇಳಲಾರೆವು. ಆದರೆ ಈ ಎರಡು ಮಾತುಗಳೂ ತಪ್ಪು ಎಂದು ಖಂಡಿತ ಹೇಳಬಹುದು. ಮೊದಲನೆಯದು ಬರೀ ತಪ್ಪು. ಎರಡನೆಯದನ್ನು ನಂಬಿದರೆ ಜೀವ ಹೋಗಬಹುದು.

2018ರ ಡಿಸೆಂಬರ್ 18ರಂದು ನಡೆದದ್ದು

ಉತ್ತರ ಐರ್ಲೆಂಡಿನ ಲಾರ್ನ್ ಬಂದರಿನಿಂದ ಸ್ಕಾಟ್ಲೆಂಡಿನ ಕೇರ್ನ್‌ರಾಯನ್‌ಗೆ ಫೆರಿ ಹಡಗಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ದಿನಕ್ಕೆ ಹಲವು ಬಾರಿ ಹಡಗುಗಳು ಲಾರಿ, ಕಾರು, ಜನ ಎಲ್ಲವನ್ನೂ ತುಂಬಿಕೊಂಡು ಹೋಗಿಬರುತ್ತವೆ. ನಡುವೆ ಇರುವ ಸಮುದ್ರ ಅಗಲದಲ್ಲಿ ಕಿರಿದು, ಚಳಿಗಾಲದಲ್ಲಿ ಮಾತ್ರ ಬಹಳ ಒರಟು.

ಆ ದಿನ ಬಿರುಗಾಳಿಯಲ್ಲಿ ಹೊರಟ 'ಯುರೋಪಿಯನ್ ಕಾಸ್‌ವೇ' ಎಂಬ ಫೆರಿ ದಾರಿಯಲ್ಲಿ ಜೋರಾಗಿ ಹೊಯ್ದಾಡಿತು. ವಾಹನಗಳ ಡೆಕ್‌ನಲ್ಲಿ ಒಂಬತ್ತು ಸರಕು ವಾಹನಗಳು ಮಗುಚಿದವು, ಇನ್ನೂ ಹಲವು ಜಖಂ ಆದವು. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆ ಆಮೇಲೆ ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕನಿಷ್ಠ ಆರು ಚಾಲಕರು ಹಡಗು ಸಾಗುತ್ತಿರುವಾಗ ತಮ್ಮ ಲಾರಿಯ ಕ್ಯಾಬಿನ್‌ನಲ್ಲೇ ಉಳಿದಿದ್ದರು. ಮಗುಚಿದ ಲಾರಿಯೊಳಗೆ ಸಿಕ್ಕಿಹಾಕಿಕೊಂಡ ಒಬ್ಬರನ್ನು ಹಡಗು ದಡ ಸೇರಿದ ಮೇಲೆ ರಕ್ಷಣಾ ಸಿಬ್ಬಂದಿ ಹೊರತೆಗೆಯಬೇಕಾಯಿತು. ಅವರು ಬ್ರೇಕ್ ಹಾಕಿರಲಿಲ್ಲವೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬೀಳುವ ಲಾರಿಯನ್ನು ಬ್ರೇಕ್ ಹಿಡಿಯುವುದಿಲ್ಲ.

ಭಾರ ಇದ್ದರೆ ಜಾರುವುದಿಲ್ಲವೇ?

ಮನೆಯಲ್ಲೇ ನೋಡಿ. ಒಂದೇ ತರಹದ ಎರಡು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಂದರೊಳಗೆ ನಾಣ್ಯ ತುಂಬಿ, ಇನ್ನೊಂದು ಖಾಲಿ ಇರಲಿ. ಎರಡನ್ನೂ ಒಂದು ಮಣೆಯ ಮೇಲೆ ಅಕ್ಕಪಕ್ಕ ಇಟ್ಟು ಮಣೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಭಾರದ ಪೊಟ್ಟಣ ಅಲ್ಲೇ ಕೂತಿರುತ್ತದೆ ಎಂದು ನೀವು ಅಂದುಕೊಂಡಿರುತ್ತೀರಿ. ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ಎರಡೂ ಜಾರುತ್ತವೆ.

ಕಾರಣ ಸರಳ. ಭಾರ ಹೆಚ್ಚಿದಷ್ಟೂ ನೆಲದ ಹಿಡಿತ ಹೆಚ್ಚುತ್ತದೆ, ಕೆಳಕ್ಕೆ ಜಾರಿಸುವ ಎಳೆತವೂ ಅಷ್ಟೇ ಹೆಚ್ಚುತ್ತದೆ. ಒಂದಕ್ಕೊಂದು ವಜಾ ಆಗಿಬಿಡುತ್ತವೆ. ಉಳಿಯುವುದು ಎರಡು ಮೇಲ್ಮೈಗಳ ನಡುವಿನ ಘರ್ಷಣೆ ಮಾತ್ರ. ಹಡಗಿನಲ್ಲಿ ಸರಕು ಕಟ್ಟುವ ಅಂತರರಾಷ್ಟ್ರೀಯ ನಿಯಮಾವಳಿಯು ಉಕ್ಕು ಮತ್ತು ರಬ್ಬರ್ ನಡುವಿನ ಘರ್ಷಣೆಯನ್ನು 0.3 ಎಂದು ಹಿಡಿದು ಲೆಕ್ಕ ಹಾಕಲು ಹೇಳುತ್ತದೆ. ಆ ಲೆಕ್ಕದಲ್ಲಿ, ಕಟ್ಟದೆ ನಿಲ್ಲಿಸಿದ ಲಾರಿ ಡೆಕ್ ಸುಮಾರು 17 ಡಿಗ್ರಿ ವಾಲಿದಾಗ ಜಾರಲು ತೊಡಗುತ್ತದೆ. ಲಾರಿ 10 ಟನ್ನಿನದಾದರೂ ಅಷ್ಟೇ, 40 ಟನ್ನಿನದಾದರೂ ಅಷ್ಟೇ. ನೆಲದ ಮೇಲೆ ನೀರೋ ಎಣ್ಣೆಯೋ ಇದ್ದರೆ ಇನ್ನೂ ಬೇಗ.

ಭಾರದಿಂದ ಬದಲಾಗುವುದು ಜಾರಿದ ಮೇಲಿನ ಕಥೆ. ಡೆಕ್ 20 ಡಿಗ್ರಿ ವಾಲಿದಾಗ 40 ಟನ್ ಲಾರಿಯನ್ನು ಪಕ್ಕಕ್ಕೆ ಎಳೆಯುವ ಬಲ ಸುಮಾರು 13.7 ಟನ್ ತೂಕದಷ್ಟು. 30 ಡಿಗ್ರಿ ವಾಲಿದರೆ ಸರಿಯಾಗಿ ಅರ್ಧ, ಅಂದರೆ 20 ಟನ್. ಅಷ್ಟು ಬಲ ಪಕ್ಕದ ಲಾರಿಯ ಮೇಲೆ, ಅದರ ಸರಪಳಿಗಳ ಮೇಲೆ ಬೀಳುತ್ತದೆ. ಒಂದು ಮಗುಚಿದ ಮೇಲೆ ಸಾಲಿನಲ್ಲಿ ಹಲವು ಮಗುಚುವುದು ಹೀಗೆ. ಭಾರದ ಲಾರಿಯೇ ಇಲ್ಲಿ ಹೆಚ್ಚು ಅಪಾಯಕಾರಿ.

ಇನ್ನು, ಜಾರುವುದೇ ಬೇರೆ, ಮಗುಚುವುದೇ ಬೇರೆ. ಎತ್ತರಕ್ಕೆ ಸರಕು ಹೇರಿದ ಲಾರಿಯ ಗುರುತ್ವ ಕೇಂದ್ರ ನೆಲದಿಂದ 2 ಮೀಟರ್ ಮೇಲಿದೆ, ಎರಡು ಬದಿಯ ಚಕ್ರಗಳ ನಡುವೆಯೂ 2 ಮೀಟರ್ ಅಂತರವಿದೆ ಎಂದುಕೊಳ್ಳೋಣ. ಸುಮಾರು 26 ಡಿಗ್ರಿಯಲ್ಲಿ ಅದು ಮಗುಚುವ ಗಡಿಗೆ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಲಾರಿಗೆ ಸ್ಪ್ರಿಂಗ್ ಇರುತ್ತದೆ, ಟೈರಿನಲ್ಲಿ ಗಾಳಿ ಇರುತ್ತದೆ, ದೇಹ ಮೊದಲೇ ಒಂದು ಕಡೆಗೆ ಓಲುತ್ತದೆ. ಮೇಲಾಗಿ ಹಡಗು ವಾಲಿ ಸುಮ್ಮನೆ ನಿಲ್ಲುವುದಿಲ್ಲ, ಅತ್ತಿಂದಿತ್ತ ಝಾಡಿಸುತ್ತದೆ. ಹಾಗಾಗಿ ಗಡಿ ಇನ್ನೂ ಬೇಗ ಬರುತ್ತದೆ.

ಹಾಗಾದರೆ ಲಾರಿಯನ್ನು ಹಿಡಿದಿಡುವುದು ಯಾವುದು?

ಸರಪಳಿ. ಹ್ಯಾಂಡ್‌ಬ್ರೇಕ್ ಎಳೆಯುವುದು, ಗೇರ್‌ನಲ್ಲಿ ನಿಲ್ಲಿಸುವುದು, ಚಕ್ರಕ್ಕೆ ಅಡ್ಡ ಕೊಡುವುದು ಎಲ್ಲವೂ ಬೇಕು. ಆದರೆ ಅವು ಮುಖ್ಯವಾಗಿ ಲಾರಿ ಹಿಂದೆ ಮುಂದೆ ಉರುಳದಂತೆ ತಡೆಯುತ್ತವೆ. ಪಕ್ಕಕ್ಕೆ ಬೀಳುವುದನ್ನು ತಡೆಯಬೇಕಾದರೆ ಲಾರಿಯ ಚಾಸಿಯನ್ನೇ ಡೆಕ್‌ನ ಉಕ್ಕಿನ ಕೊಂಡಿಗಳಿಗೆ ಬಿಗಿಯಬೇಕು. ಸಮುದ್ರದಲ್ಲಿ ಹೋಗುವ ಲಾರಿಗಳಿಗೆ ಇದಕ್ಕೆಂದೇ ಕೊಂಡಿಗಳಿರಬೇಕೆಂಬ ಮಾನದಂಡವಿದೆ: 30ರಿಂದ 40 ಟನ್ನಿನ ವಾಹನಕ್ಕೆ ಒಂದೊಂದು ಬದಿಗೂ ಕನಿಷ್ಠ ನಾಲ್ಕು.

ಇಲ್ಲೊಂದು ಸೂಕ್ಷ್ಮವಿದೆ. ಈಗಿನ ಎಷ್ಟೋ ಟ್ರೇಲರ್‌ಗಳಿಗೆ ಗಾಳಿ ತುಂಬಿದ ಸಸ್ಪೆನ್ಷನ್ ಇರುತ್ತದೆ. ಗಾಳಿ ಇರುವಾಗಲೇ ಸರಪಳಿ ಬಿಗಿದರೆ, ದಾರಿಯಲ್ಲಿ ಗಾಳಿ ಇಳಿದು ದೇಹ ತಗ್ಗುತ್ತದೆ, ಬಿಗಿದ ಸರಪಳಿ ಸಡಿಲವಾಗುತ್ತದೆ. ಸಡಿಲ ಸರಪಳಿ ಮೊದಲ ಹೊಯ್ದಾಟಕ್ಕೆ ಝಟ್ಟನೆ ಎಳೆತಕ್ಕೆ ಸಿಕ್ಕಿ ಕಿತ್ತುಬರಬಹುದು. ಅದಕ್ಕೇ ಮೊದಲು ಗಾಳಿ ಬಿಟ್ಟು ದೇಹವನ್ನು ಇಳಿಸಿ, ಆಮೇಲೆ ಬಿಗಿಯುತ್ತಾರೆ.

ಹಡಗಿನವರ ಕಣ್ಣಿಗೆ ಕಾಣದ ಅಪಾಯ ಟ್ರೇಲರಿನ ಒಳಗಿದೆ. ಲಾರಿಯನ್ನು ಎಷ್ಟೇ ಬಿಗಿದರೂ ಒಳಗಿನ ಸರಕನ್ನು ಸರಿಯಾಗಿ ಕಟ್ಟಿರದಿದ್ದರೆ ಅದು ಒಂದು ಬದಿಗೆ ಸರಿದು ಲಾರಿಯನ್ನು ಒಳಗಿನಿಂದಲೇ ತಳ್ಳುತ್ತದೆ. ಅರ್ಧ ತುಂಬಿದ ಟ್ಯಾಂಕರ್, ಕೊಕ್ಕೆಗೆ ನೇತುಹಾಕಿದ ಮಾಂಸದ ಲಾರಿ ಇವೆಲ್ಲ ಹಡಗಿನ ಪ್ರತಿ ಹೊಯ್ದಾಟಕ್ಕೂ ತಾವೂ ತೂಗುತ್ತವೆ. ಸೀಲ್ ಹಾಕಿದ ಕಂಟೇನರ್ ಆದರೆ ಒಳಗೆ ಹೇಗೆ ಕಟ್ಟಿದ್ದಾರೆಂದು ಲಾರಿ ಚಾಲಕನಿಗೂ ತಿಳಿದಿರುವುದಿಲ್ಲ, ಆದರೂ ಬಿದ್ದಾಗ ಬೈಸಿಕೊಳ್ಳುವವನು ಅವನೇ.

ಕ್ಯಾಪ್ಟನ್ ಏನು ಮಾಡಬಹುದು?

ಹೊರಡದೇ ಇರಬಹುದು. ಹೊರಟ ಮೇಲೆ ಅವರ ಕೈಯಲ್ಲಿರುವ ದೊಡ್ಡ ಆಯುಧ ದಿಕ್ಕು. ಅಲೆ ಮುಂದಿನಿಂದ ಬಡಿದರೆ ಹಡಗು ಮೂತಿ ಎತ್ತಿ ಇಳಿಸುತ್ತದೆ, ಪ್ರಯಾಣಿಕರಿಗೆ ವಾಂತಿ ಬರುತ್ತದೆ, ಲಾರಿಗಳು ಮಾತ್ರ ಹೇಗೋ ತಡೆದುಕೊಳ್ಳುತ್ತವೆ. ಪಕ್ಕದಿಂದ ಬಡಿದರೆ ಹಡಗು ತೊಟ್ಟಿಲಿನಂತೆ ತೂಗುತ್ತದೆ. ಹಾಗಾಗಿ ನೇರ ದಾರಿ ಬಿಟ್ಟು ಸುತ್ತಿ, ದಡದ ಮರೆಯಲ್ಲಿ, ಅಲೆಗೆ ಓರೆಯಾಗಿ ಸಾಗುವುದುಂಟು. ಯುರೋಪಿಯನ್ ಕಾಸ್‌ವೇ ತನಿಖೆಯಲ್ಲೂ ಕಟ್ಟಿದ ರೀತಿ ಮತ್ತು ಸಾಗಿದ ದಿಕ್ಕು ಎರಡೂ ಪ್ರಶ್ನೆಗೆ ಒಳಗಾದವು. ಹೊಯ್ದಾಟ ತಗ್ಗಿಸಲು ಅನೇಕ ಫೆರಿಗಳಿಗೆ ನೀರೊಳಗೆ ರೆಕ್ಕೆಗಳಿರುತ್ತವೆ. ಆದರೆ ಅವು ಹಡಗು ವೇಗವಾಗಿ ಸಾಗುವಾಗಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಬಿರುಗಾಳಿಗೆ ಹೆದರಿ ನಿಧಾನ ಮಾಡಿದರೆ ರೆಕ್ಕೆಯ ಬಲವೂ ಕುಗ್ಗುತ್ತದೆ.

ಹವಾಮಾನ ಮುನ್ಸೂಚನೆಯನ್ನೂ ನಾವು ತಪ್ಪಾಗಿ ಓದುತ್ತೇವೆ. "ಅಲೆಯ ಎತ್ತರ 4 ಮೀಟರ್" ಎಂದರೆ ಅದಕ್ಕಿಂತ ದೊಡ್ಡ ಅಲೆ ಬರುವುದಿಲ್ಲ ಎಂದಲ್ಲ. ಸಾಮಾನ್ಯವಾಗಿ ಕೊಡುವ ಆ ಸಂಖ್ಯೆ, ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ. ಬಿಡಿ ಅಲೆಯೊಂದು ಅದರ ಹೆಚ್ಚುಕಡಿಮೆ ಎರಡರಷ್ಟು ಎದ್ದೀತು. ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಎತ್ತರದ ಅಲೆಗಳ ಎಚ್ಚರಿಕೆಯನ್ನು ಓದುವಾಗಲೂ ಇದು ನೆನಪಿರಲಿ.

ಕ್ಯಾಬಿನ್‌ನಲ್ಲಿ ಮಲಗಿದರೆ ತಪ್ಪೇನು?

ಚಾಲಕರ ಕಷ್ಟ ನಮಗೆ ಅರ್ಥವಾಗುತ್ತದೆ. ರಾತ್ರಿಯಿಡೀ ಓಡಿಸಿ ಬಂದವನಿಗೆ ಎರಡು ಗಂಟೆ ನಿದ್ದೆ ದೊಡ್ಡದು. ಮೇಲೆ ಗಲಾಟೆಯ ಹಾಲ್, ಇಲ್ಲಿ ತನ್ನದೇ ಹಾಸಿಗೆ. ಆದರೆ ಹಡಗು ಸಾಗುತ್ತಿರುವಾಗ ಮುಚ್ಚಿದ ವಾಹನ ಡೆಕ್‌ಗೆ ಪ್ರಯಾಣಿಕರು ಕ್ಯಾಪ್ಟನ್ ಅಥವಾ ಅವರು ನೇಮಿಸಿದ ಅಧಿಕಾರಿಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೋಗಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಲಾರಿಗಳ ನಡುವೆ ಒಬ್ಬ ಮನುಷ್ಯ ನುಸುಳುವಷ್ಟೂ ಜಾಗವಿರದೆ ಹೋಗಬಹುದು. ಪಕ್ಕದ ಲಾರಿ ಒರಗಿದರೆ ಬಾಗಿಲು ತೆರೆಯುವುದಿಲ್ಲ. ಬೆಂಕಿ ಬಿದ್ದರೆ ಹೊಗೆ ಮೊದಲು ತುಂಬುವುದೂ ಅಲ್ಲೇ. 2022ರ ಫೆಬ್ರವರಿಯಲ್ಲಿ ಗ್ರೀಸಿನ ಕೊರ್ಫು ದ್ವೀಪದ ಬಳಿ 'ಯೂರೋಫೆರಿ ಒಲಿಂಪಿಯಾ' ಹಡಗಿಗೆ ಬೆಂಕಿ ಬಿದ್ದು ಲಾರಿ ಚಾಲಕರೂ ಸೇರಿ 11 ಮಂದಿ ಸತ್ತರು.

ನಮ್ಮಲ್ಲಿ ಒಂದು ಗೊಂದಲಕ್ಕೆ ಅವಕಾಶವಿದೆ. ಸುರತ್ಕಲ್‌ನಿಂದ ಕೊಂಕಣ ರೈಲ್ವೆಯ ಮೇಲೆ ಲಾರಿಗಳನ್ನು ಗೂಡ್ಸ್ ಬೋಗಿಯಲ್ಲಿ ಹೊತ್ತೊಯ್ಯುವ ಸೇವೆಗೂ ರೋ-ರೋ ಎಂದೇ ಹೆಸರು. ಅಲ್ಲಿ ಡ್ರೈವರ್, ಕ್ಲೀನರ್ ಲಾರಿಯಲ್ಲೇ ಪ್ರಯಾಣ ಮಾಡುತ್ತಾರೆ. ಫೆರಿಗೂ ಅದೇ ಹೆಸರಿದೆ, ಆದರೆ ಆ ಅಭ್ಯಾಸವನ್ನು ಇಲ್ಲಿಗೆ ತರುವಂತಿಲ್ಲ. ಹಳಿಯ ಮೇಲಿನ ಬೋಗಿ 25 ಡಿಗ್ರಿ ಅತ್ತಿತ್ತ ವಾಲುವುದಿಲ್ಲ. ಗುಜರಾತಿನ ಘೋಘಾ–ಹಜೀರಾ ನಡುವಿನಂತಹ ಫೆರಿಗಳಲ್ಲಿ ಲಾರಿ ಕೊಂಡೊಯ್ಯುವ ನಮ್ಮವರು ಯಾರಾದರೂ ಇದ್ದರೆ ಈ ಭಾಗವನ್ನು ಮಾತ್ರವಾದರೂ ಅವರಿಗೆ ಕಳಿಸಿ.

ಲಾರಿ ಬಿದ್ದರೆ ಹಡಗು ಮುಳುಗುತ್ತದೆಯೇ?

ಲಾರಿ ಬಿದ್ದ ಮಾತ್ರಕ್ಕೆ ಮುಳುಗುವುದಿಲ್ಲ. ಯುರೋಪಿಯನ್ ಕಾಸ್‌ವೇ ತಾನೇ ಬಂದರು ಸೇರಿತು. ಸರಕು ಸರಿದು ಹಡಗು ಒಂದು ಕಡೆಗೆ ವಾಲಿಕೊಂಡೇ ಉಳಿದರೆ ಕಷ್ಟ. 2008ರ ಜನವರಿ 31ರಂದು 'ರಿವರ್‌ಡ್ಯಾನ್ಸ್' ಎಂಬ ಸರಕು ಫೆರಿ ಹಾಗೆ ವಾಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಸಮೀಪದ ಕಡಲತೀರಕ್ಕೆ ಬಂದು ಬಿತ್ತು. ಅದರಲ್ಲಿದ್ದ 23 ಮಂದಿಯನ್ನೂ ಹೆಲಿಕಾಪ್ಟರ್‌ಗಳು ಎತ್ತಿಕೊಂಡವು.

ನೂರಾರು ಜನ ಸತ್ತ ದೊಡ್ಡ ದುರಂತಗಳಲ್ಲಿ ನಿಜವಾದ ಶತ್ರು ವಾಹನ ಡೆಕ್‌ಗೆ ನುಗ್ಗಿದ ನೀರು. ಆ ಡೆಕ್ ಅಡ್ಡಗೋಡೆಗಳಿಲ್ಲದ ಉದ್ದ ಹಾಲ್. ನೀರು ಒಂದೇ ಬದಿಗೆ ಹರಿದು ಹಡಗನ್ನು ಇನ್ನಷ್ಟು ವಾಲಿಸುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ ಬಳಿ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಮುಂಬಾಗಿಲು ತೆರೆದೇ ಹೊರಟು ಮಗುಚಿತು, 193 ಮಂದಿ ಸತ್ತರು. ಆ ಸಂಜೆ ಬಿರುಗಾಳಿಯೇನೂ ಇರಲಿಲ್ಲ. 1994ರ ಸೆಪ್ಟೆಂಬರ್ 28ರಂದು ಬಾಲ್ಟಿಕ್ ಸಮುದ್ರದಲ್ಲಿ 'ಎಸ್ಟೋನಿಯಾ' ಹಡಗಿನ ಮೂತಿಯ ಕವಚವನ್ನೇ ಅಲೆಗಳು ಕಿತ್ತವು, 852 ಮಂದಿ ಸತ್ತರು. ಹೀಗಾಗಿ ಲಾರಿ ಮಗುಚುವ ವಿಡಿಯೊಗೆ "ಹಡಗು ಮುಳುಗಿ ನೂರಾರು ಸಾವು" ಎಂಬ ತಲೆಬರಹ ಅಂಟಿಸಿ ಬಂದರೆ, ಹಡಗಿನ ಹೆಸರು ಮತ್ತು ದಿನಾಂಕ ಅದರಲ್ಲಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ.